ಲಾಭ, ಎರಡು, ಮೂರು

ಐದನೆಯ ಸಲವೂ ಸಾತಲಿಂಗಪ್ಪ ನಾನಕಟಾಯಿ ಬಿಸ್ಕೀಟಿನ ಅಂಚು ಕಚ್ಚಿ ತಾಟಿನಲ್ಲಿ ಇಟ್ಟುಬಿಟ್ಟರು. "ಇದು ಅಕೀದಲ್ಲ," ಎಂದು ಗೋಡೆಯ ಕಡೆ ಹೊರಳಿದರು. ಸೊಸೆ ಶ್ರದ್ಧಾಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅತ್ತೆ ಸುಗಲಾಬಾಯಿ ತೀರಿಹೋಗಿ ಇಪ್ಪತ್ತೆರಡು ದಿನ. ಅಂದಿನಿಂದ ಮುದುಕರ ಹೊಟ್ಟೆಗೆ ಚಹಾ ಬಿಟ್ಟರೆ ಏನೂ ನೆಟ್ಟಗೆ ಇಳಿದಿರಲಿಲ್ಲ. ನಾಳೆಯೂ ಹೀಗೇ ಆದರೆ ದವಾಖಾನೆಗೆ ಸೇರಿಸಿ ಮೂಗಿಗೆ ನಳಿಗೆ ಹಾಕುವುದೇ ಎಂದು ಡಾಕ್ಟರು ಹೇಳಿಹೋಗಿದ್ದರು. ಮುದುಕರು ಬಾಯಿಬಿಟ್ಟು ಕೇಳಿದ್ದು ಒಂದೇ, ಅವಳು ಮಾಡುತ್ತಿದ್ದ ನಾನಕಟಾಯಿ.

ಸುಗಲಾಬಾಯಿ ಗ್ರಾಂ ಗೀಂ ನೋಡಿದವಳೇ ಅಲ್ಲ. ಎಲ್ಲದಕ್ಕೂ ಭಂಡಾರಕವಠೆ ಊರಿನ ಮನೆಯಿಂದ ತಂದ ಒಂದು ಹಿತ್ತಾಳೆಯ ಚಿಟ್ಟಿ, ಕಾಳು ಅಳೆಯುವ ಪುಟ್ಟ ಅಳತೆಪಾತ್ರೆ. ಮೂರು ಚಿಟ್ಟಿ ಮೈದಾ, ಎರಡು ಚಿಟ್ಟಿ ಸಕ್ಕರೆ, ತುಪ್ಪ ಹಿಡಿಸಿದಷ್ಟು. ಸೋಲಾಪುರದಲ್ಲೇ ಹುಟ್ಟಿ ಬೆಳೆದ ಶ್ರದ್ಧಾ ಚಿಟ್ಟಿ ಅಂದರೆ ಕಪ್ಪೇ ಇರಬೇಕೆಂದುಕೊಂಡು, ಕಪ್ಪಿಗೆ ನೂರಿಪ್ಪತ್ತೈದು ಗ್ರಾಂ ಎಂದು ಮೊಬೈಲಿನಲ್ಲಿ ನೋಡಿ ತೂಗಿ ಹಾಕಿದ್ದಳು. ಒಮ್ಮೆ ಹರಡಿ ರೊಟ್ಟಿಯಾಯಿತು, ಒಮ್ಮೆ ಕಲ್ಲಾಯಿತು. ಹಾಳಾಗಿ ಹೋಗಲಿ, ಆ ಚಿಟ್ಟಿಯನ್ನೇ ತೂಗಿಬಿಡೋಣ ಎಂದು ತೂಕದ ಕಾಟಾದ ಮೇಲೆ ಬೋಗುಣಿ ಇಟ್ಟು ಸೊನ್ನೆಗೆ ತಂದಳು.

ಚಿಟ್ಟಿಗೆ ಮೈದಾ ತುಂಬಿ, ಚಾಕುವಿನಿಂದ ಮೇಲೆ ಸವರಿ, "ಒಂದು" ಎಂದು ಸುರಿದಳು. ನೂರೈವತ್ತು. ಬೋಗುಣಿ ಬರಿದು ಮಾಡಿ ಮತ್ತೊಮ್ಮೆ ಸುರಿದಳು. ಮತ್ತೆ ನೂರೈವತ್ತೇ. ಅಷ್ಟರಲ್ಲಿ ಒಳಗಿನ ಮಂಚದಿಂದ ಮಾವನ ದನಿ ಬಂತು.

"ಒಂದು ಅನಬ್ಯಾಡವಾ. ಲಾಭ ಅನ್ನು."

ಕಣದಲ್ಲಿ ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಸುಗಲಾಬಾಯಿ ಅಡುಗೆಮನೆಯಲ್ಲೂ ಹಾಗೇ ಎಣಿಸುತ್ತಿದ್ದಳು. ಲಾಭ ಎಂದವಳೇ ಆ ಮೊದಲ ಚಿಟ್ಟಿಯ ಮೇಲೆ ಒಂದು ಸಣ್ಣ ಹಿಡಿ ಕೊಸರು ಹಾಕುತ್ತಿದ್ದಳು. ಇದೆಲ್ಲ ಶ್ರದ್ಧಾಳಿಗೆ ಮಾವ ಹೇಳಿದ ಮೇಲೇ ಗೊತ್ತಾದದ್ದು. ಕಾಟಾಕ್ಕೆ ಮಾತು ತಿಳೀತದೇನ್ರಿ ಮಾಮಾ ಎಂದು ಗೊಣಗುತ್ತಲೇ ಬೋಗುಣಿ ಬರಿದು ಮಾಡಿ, ಮತ್ತೆ ತುಂಬಿ, ಸವರಿ, ಕೊಸರು ಹಾಕದೆಯೇ "ಲಾಭ" ಎಂದು ಸುರಿದಳು.

ನೂರೆಪ್ಪತ್ತು.

ಬರಿದು ಮಾಡಿ ಸುರಿದು "ಎರಡು" ಎಂದಳು. ನೂರೈವತ್ತು. ಮತ್ತೆ ಬರಿದು ಮಾಡಿ ಸುರಿದು "ಲಾಭ" ಎಂದಳು. ನೂರೆಪ್ಪತ್ತು. ಕಾಟಾ ಕೆಟ್ಟಿರಬೇಕೆಂದು ಒಂದು ಕಿಲೋ ಸಕ್ಕರೆಯ ಪಾಕೀಟು ಇಟ್ಟು ನೋಡಿದಳು. ಸರಿಯಾಗಿ ಒಂದು ಕಿಲೋ ತೋರಿಸಿತು. ವಿಜಾಪುರ ರಸ್ತೆಯ ಮೇಲೆ ನಟ್ಟ ಮಧ್ಯಾಹ್ನದ ಟ್ರಕ್ಕುಗಳು ಹೋಗುತ್ತಿದ್ದವು, ಆದರೂ ಅವಳಿಗೆ ಒಬ್ಬಳೇ ನಿಲ್ಲಲು ಹೆದರಿಕೆಯಾಯಿತು. ಹೆದರಿಕೆಯಲ್ಲೇ ಲಾಭ, ಎರಡು, ಮೂರು ಎಂದು ಎಣಿಸಿ ಹಿಟ್ಟು ಕಲಸಿದಳು.

ಮಾವ ಮೊದಲನೆಯದನ್ನು ಕಚ್ಚಿದರು. ಬಹಳ ಹೊತ್ತು ಅಗಿದರು. ಎರಡನೆಯದಕ್ಕೆ ಕೈ ಹಾಕಿದರು, ಮೂರನೆಯದನ್ನು ಹಾಲಿನಲ್ಲಿ ಅದ್ದಿದರು. ಶ್ರದ್ಧಾ ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ಬಂದಳು. ಇನ್ನು ನಳಿಗೆ ಬೇಡ.

ಚಿಟ್ಟಿ ತೊಳೆದು ಒರೆಸಿದಳು. ಸುಮ್ಮನೆ ಇಟ್ಟುಬಿಡಬಹುದಿತ್ತು, ಮನಸ್ಸು ಕೇಳಲಿಲ್ಲ. ಖಾಲಿ ಚಿಟ್ಟಿಯನ್ನು ಕಾಟಾದ ಮೇಲಿಟ್ಟು ಸೊನ್ನೆಗೆ ತಂದಳು. ಕೈಯೆರಡನ್ನೂ ಹಿಂದಕ್ಕೆ ಕಟ್ಟಿಕೊಂಡು, ತನಗಷ್ಟೇ ಕೇಳುವಂತೆ ಹೇಳಿದಳು.

"ಲಾಭ."

ಸೊನ್ನೆ ಇದ್ದಲ್ಲಿ ಇಪ್ಪತ್ತು ಬಂತು. ಬಂದದ್ದು ಹೋಗಲಿಲ್ಲ. ಮುಂದಿನ ಎಣಿಕೆ ತಾನಾಗಿಯೇ ಶ್ರದ್ಧಾಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಹಿಂದೆ ಸಪ್ಪಳವಾಗಿ ತಿರುಗಿದಳು. ಇಪ್ಪತ್ತೆರಡು ದಿನ ಮಂಚ ಬಿಟ್ಟೇಳದ ಸಾತಲಿಂಗಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಮೀಸೆಯ ಮೇಲೆ ನಾನಕಟಾಯಿಯ ಪುಡಿಯಿತ್ತು, ಕಣ್ಣು ಕಾಟಾದ ಮೇಲಿತ್ತು.

"ಎರಡು ಅನಬ್ಯಾಡವಾ," ಎಂದರು. "ಇನ್ನ ಸ್ವಲ್ಪ ಇರ್ಲಿ ಅಕಿ."