ರನ್‌ವೇ ಕೊನೆಯ ಬೇಲಿ

ಯುದ್ಧಕಾಲದಲ್ಲಿ ಬಾಂಬರ್‌ಗಳು ಹಾರಿಹೋಗುತ್ತಿದ್ದ ಆ ಇಂಗ್ಲಿಷ್ ಹಳ್ಳಿಯ ಬಯಲಲ್ಲಿ ಈಗ ಬಾರ್ಲಿ ಬೆಳೆಯುತ್ತಾರೆ. ವರ್ಷಕ್ಕೊಮ್ಮೆ ಊರವರು ಅಲ್ಲಿ ಸೇರಿ ಸತ್ತವರನ್ನು ನೆನೆಯುತ್ತಾರೆ. ಆಮೇಲೆ ಚಹಾ ಕುಡಿಯುತ್ತ ವಿನಿಫ್ರೆಡ್ ಅಜ್ಜಿಯ ಬಾಯಿಂದ ಅದೇ ಹಳೆಯ ಕಥೆ ಕೇಳುತ್ತಾರೆ.

ಹುಡುಗಿಯಾಗಿದ್ದಾಗ ಅವಳು ದಿನಾ ಸಂಜೆ ರನ್‌ವೇ ಕೊನೆಯ ಬೇಲಿ ಹತ್ತಿ, ಹೊರಟ ಒಂದೊಂದು ವಿಮಾನಕ್ಕೂ ಕೈಬೀಸುತ್ತಿದ್ದಳು. ತಾನು ಬೀಸಿದರೆ ಅವರು ಕ್ಷೇಮವಾಗಿ ಮರಳುತ್ತಾರೆಂದು ನಂಬಿದ್ದಳು. ತಿರುಗಿ ಕೈಬೀಸಿದವನು ಒಬ್ಬನೇ ಪೈಲಟ್. ಅವನ ವಿಮಾನ ಮರುಗಳಿಗೆಯಲ್ಲೇ ಆಚೆಯ ಮರಗಳಿಗೆ ಬಡಿದು ಉರಿದುಹೋಯಿತು.

“ಅವನು ಕೊನೆಗೆ ನೋಡಿ ನಕ್ಕಿದ್ದು ನನ್ನನ್ನೇ,” ಎನ್ನುವಾಗ ಅವಳ ಮುಖ ಈಗಲೂ ಕೆಂಪೇರುತ್ತಿತ್ತು.

ಈ ವರ್ಷ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ ಬಂದಿದ್ದ. ಆ ವಿಮಾನದಲ್ಲಿ ಬದುಕುಳಿದವನು ಅವನೊಬ್ಬನೇ. ಅವಳು ತಾನೇ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತಳು.

“ಏನಾಯ್ತು ಅವತ್ತು? ಎಂಜಿನ್ ಕೆಟ್ಟಿತ್ತಾ?”

“ಎಂಜಿನ್ ಚೆನ್ನಾಗೇ ಇತ್ತು. ಥ್ರಾಟಲ್ ಹಿಡಿಕೆ ಸಡಿಲ. ಮೇಲೇರೋ ತನಕ ಒತ್ತಿ ಹಿಡಿದಿರಬೇಕು, ಬಿಟ್ಟರೆ ಹಿಂದಕ್ಕೆ ಜಾರಿ ವೇಗ ಇಳಿದುಬಿಡೋದು. ಪೈಲಟ್‌ಗೆ ಅದು ಗೊತ್ತಿಲ್ಲದ್ದೇನಲ್ಲ.”

“ಮತ್ತೆ?”

ಮುದುಕ ಬೇಲಿಯ ಕಡೆ ನೋಡಿದ.

“ನಾನು ಪಕ್ಕದಲ್ಲೇ ಇದ್ದೆ. ನೆಲ ಬಿಟ್ಟ ಕೂಡಲೇ ಹಿಡಿಕೆಯಿಂದ ಕೈ ತೆಗೆದ, ಯಾರಿಗೋ ಬೀಸಿದ. ನೀವು ಈ ಊರಿನವರೇ ಅಲ್ವಾ, ಹೇಳಿ, ಆ ಹೊತ್ತಲ್ಲಿ ಅಲ್ಲಿ ಯಾರಿರ್ತಿದ್ರು?”