ಸಾಲಗಿರಾ ದಾರ

ಲೋಬಾನದ ಹೊಗೆ ಮೂಗಿಗೆ ತಾಕಿದರೆ ಈಗಲೂ ನನಗೆ ಮಾನ್ವಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ನಿಜಾಮರ ಕಾಲವದು. ದೊರೆಯ ಹುಟ್ಟುಹಬ್ಬದ ಸಾಲಗಿರಾ ಎಂದು ಶಾಲೆಗೆ ರಜೆ ಇತ್ತು. ಪಕ್ಕದ ಮನೆಯ ಮುದುಕಿಯನ್ನು ನಾವು ಖಾಲಾ ಎನ್ನುತ್ತಿದ್ದೆವು. ಅವರ ಹತ್ತಿರ ಹೋಗಿ, "ಸಾಲಗಿರಾ ಅಂದ್ರ ಏನ್ರಿ?" ಎಂದು ಕೇಳಿದೆ.

"ಸಾಲ್ ಅಂದ್ರ ವರ್ಷ, ಗಿರಾ ಅಂದ್ರ ಗಂಟು, ಬೇಟಿ. ಕೂಸು ಹುಟ್ಟಿದ ದಿನ ಬಂದಾಗೊಮ್ಮೆ ತಾಯಿ ದಾರಕ್ಕ ಒಂದು ಗಂಟು ಹಾಕ್ತಾಳ."

ಪೆಟ್ಟಿಗೆಯಿಂದ ಕೆಂಪು ರೇಷ್ಮೆ ದಾರವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಲೋಬಾನದ ವಾಸನೆ ಹಿಡಿದಿದ್ದ ಅದು ಬೆಕ್ಕಿನ ಕಿವಿಯಷ್ಟು ಮೆತ್ತಗಿತ್ತು. ಒಂದು ತುದಿಯಲ್ಲಷ್ಟೇ ಗಂಟುಗಳಿದ್ದವು, ಉಳಿದದ್ದೆಲ್ಲ ನುಣುಪು.

"ಇಲ್ಲಿ ಯಾಕ ಗಂಟಿಲ್ಲ?"

"ನನ್ನ ಮಗ ಅಷ್ಟ ವರ್ಷ ಇದ್ದ."

ನನ್ನನ್ನು ಹುಡುಕಿಕೊಂಡು ಬಂದ ಅವ್ವ ಬಾಗಿಲಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು. ಸತ್ತ ಮಗನ ದಾರ ಕೂಸಿನ ಕೈಗೆ ಕೊಟ್ಟದ್ದಕ್ಕೆ ಅವ್ವ ಏನೆಂದುಕೊಳ್ಳುತ್ತಾಳೋ ಎಂದು ಖಾಲಾ ಗಡಿಬಿಡಿಯಿಂದ ನನ್ನ ಕೈಯಿಂದ ದಾರ ಬಿಡಿಸಿಕೊಂಡರು.

ಅವ್ವ ಒಳಗೆ ಬಂದು ಚಾಪೆಯ ಮೇಲೆ ಕೂತಳು. "ನಾಳಿ ಇಕಿ ಹುಟ್ಟಿದ ದಿನ ಅದ, ಖಾಲಾ. ಇದರಾಗಿಂದ ಒಂದು ತುಂಡು ಇಕಿಗೆ ಕೊಡ್ರಿ. ಗಂಟು ನೀವ ಹಾಕ್ರಿ," ಎಂದಳು.

ಖಾಲಾ ಸೆರಗಿಗೆ ಕೈ ಒರೆಸಿಕೊಂಡು ಕತ್ತರಿ ಹುಡುಕತೊಡಗಿದರು.