ಮುಚ್ಚಿದ ಬಾವಿಯ ಮೇಲೆ

2025ರ ಅಕ್ಟೋಬರ್ 1, ಆಯುಧಪೂಜೆ, ಬೆಳಿಗ್ಗೆ 11 ಗಂಟೆ 20 ನಿಮಿಷ. ಅತ್ತಿಬೆಲೆ ಬಳಿಯ ರೆಸಾರ್ಟಿನಲ್ಲಿ, ಈಜುಕೊಳದ ಪಕ್ಕದ ಟೈಲ್ಸ್ ಅಂಗಳದ ಮೇಲೆ ಸೊಣ್ಣಮ್ಮ ಹೆಜ್ಜೆ ಎಣಿಸುತ್ತ ಬಂದು ನಿಂತುಬಿಟ್ಟಳು.

"ಹುಣಸೆ ಮರದಿಂದ ಹದಿನಾಲ್ಕು ಹೆಜ್ಜೆ. ಇಲ್ಲೇ ಕಣೇ ಶೈಲಾ, ನಮ್ ಬಾವಿ ಇದ್ದಿದ್ದು."

ಮಾರಿದ ಹೊಲ ರೆಸಾರ್ಟಾಗಿ ಹನ್ನೊಂದು ವರ್ಷ. ದಸರಾ ರಜೆಗೆ ಮಗಳು ದೀಪು ಹಟ ಹಿಡಿದಳೆಂದು ಶೈಲಜಾ ತಾಯಿಯನ್ನೂ ಕರೆದುಕೊಂಡು, ಟಿಕೆಟ್ ಕೊಂಡು ತಮ್ಮದೇ ಹೊಲಕ್ಕೆ ಬಂದಿದ್ದಳು. ನಗುತ್ತಲೇ ಕೆಳಗೆ ನೋಡಿದಳು. ನಗು ನಿಂತಿತು. ಬಿಸಿಲಿಗೆ ಬಿಟ್ಟ ಬಿರುಕಾದರೆ ಅಡ್ಡಾದಿಡ್ಡಿ ಹೋಗುತ್ತದೆ. ಅಮ್ಮನ ಕಾಲ ಬಳಿಯ ಈ ಬಿರುಕು ಬಾವಿಯ ಬಾಯಿಯಂತೆ ದುಂಡಗೆ ತಿರುಗಿತ್ತು.

"ಏನ್ ಹಾಕಿ ಮುಚ್ಚಿದ್ರಮ್ಮ?"

"ಒಡೆದ ಗೋಡೆ, ಬಾಳೆ ಬುಡ, ಸಿಕ್ಕಿದ್ದೆಲ್ಲ. ಒಂದೇ ದಿನಕ್ಕೆ ಮುಚ್ಚಿದ್ರು. ಒಳಗೆ ಕೊಳೆತು ಕುಸೀತಿರ್ಬೇಕು."

ಮ್ಯಾನೇಜರ್ ಮುನೀಂದ್ರ ಅದೇ ಊರಿನವನು. ಶೈಲಜಾ ಕರೆದು ಬಿರುಕು ತೋರಿಸಿದಾಗ ಮೈಕ್ ಹಿಡಿದೇ ಬಂದ. "ಅಯ್ಯೋ ಅಕ್ಕ, ಆರು ತಿಂಗಳಿಂದ ಇಂಗೇ ಐತೆ. ಹನ್ನೆರಡಕ್ಕೆ ಇಲ್ಲೇ ರೈನ್ ಡ್ಯಾನ್ಸು, ಇನ್ನೂರು ಜನ. ಬಿರುಕು ಬೆಳೀತೈತೆ ಅಂತ ತೋರ್ಸಿ, ನಾನೇ ನಿಲ್ಲಿಸ್ತೀನಿ."

ಶೈಲಜಾಳ ಕೈ ಚೀಲಕ್ಕೆ ಹೋಯಿತು. ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಅಳೆದು ನೋಡುವುದು ಅವಳ ಕೆಲಸ. ಬೆಳಿಗ್ಗೆ ಅಲ್ಲಿ ಪೂಜೆಗಿಟ್ಟ, ಕೂದಲೆಳೆಯಷ್ಟು ಅಂತರವನ್ನೂ ಅಳೆಯುವ ಕ್ಯಾಲಿಪರ್, ಎರಡು ತುದಿಗೂ ಕುಂಕುಮ ಮೆತ್ತಿಕೊಂಡು ಚೀಲದಲ್ಲೇ ಇತ್ತು. ಸೊಣ್ಣಮ್ಮ ಅವಳ ಮಣಿಕಟ್ಟು ಹಿಡಿದಳು.

"ಪೂಜೆಗಿಟ್ಟಿದ್ದನ್ನ ಇವತ್ತು ಬಳಸಂಗಿಲ್ಲ. ನಾಳೆ ತೆಗಿ."

"ನಾಳೆ ಅಳೆದು ಏನ್ ಮಾಡ್ಲಮ್ಮ?"

ಬಿರುಕಿನ ಎರಡು ಅಂಚಿಗೆ ತುದಿಗಳನ್ನು ತಾಗಿಸಿದಳು. 6.21 ಮಿಲಿಮೀಟರ್. ಟೈಲ್ಸಿನ ಮೇಲೆ ಎರಡು ಕೆಂಪು ಚುಕ್ಕೆ ಉಳಿದವು. ಆದರೆ ಒಂದೇ ಅಳತೆ ಏನನ್ನೂ ಹೇಳುವುದಿಲ್ಲ. ಬಿರುಕು ನಿಜಕ್ಕೂ ಹಳೆಯದಿರಬಹುದು. ಇಷ್ಟು ಜನರ ರಜೆ ಕೆಡಿಸಿದ ಹುಚ್ಚಿ ಎನ್ನಿಸಿಕೊಳ್ಳುವುದೊಂದೇ ಉಳಿಯಬಹುದು.

ಹಾಡು ಶುರುವಾಯಿತು. ಹನ್ನೆರಡರವರೆಗೆ ಕಾಯದ ಮಕ್ಕಳು ಕೊಳದಿಂದ ಎದ್ದು ಅಂಗಳಕ್ಕೆ ನುಗ್ಗಿದವು. ನಡುವೆ ದೀಪುವೂ ಇದ್ದಳು. ಶೈಲಜಾ ಓಡಿಹೋಗಿ ಅವಳ ರಟ್ಟೆ ಹಿಡಿದು ಈಚೆ ಎಳೆದಳು.

"ಎಲ್ರೂ ಕುಣೀತಿದಾರೆ. ನಾನು ಮಾತ್ರ ಯಾಕೆ ಬೇಡ?"

ಶೈಲಜಾ ತಿರುಗಿ ನೋಡಿದಳು. ಅಂಗಳದಲ್ಲಿ ಮೂವತ್ತು ಮಕ್ಕಳಾದರೂ ಇದ್ದವು.

ಸೊಣ್ಣಮ್ಮ ಅವಳ ಮೊಣಕೈ ತಿವಿದಳು. "ಇನ್ನೊಂದ್ ಸಲ ಇಡೇ. ದೇವ್ರಿಗೆ ನಾನ್ ಹೇಳ್ಕೋತೀನಿ."

ಅದೇ ಎರಡು ಚುಕ್ಕೆಗಳ ಮೇಲೆ ಶೈಲಜಾ ಕ್ಯಾಲಿಪರಿನ ತುದಿಗಳನ್ನು ಇಟ್ಟಳು. ಮುನೀಂದ್ರ ಬಗ್ಗಿ, ಅಂಕಿಗಳ ಮೇಲೆ ಸಿಡಿದಿದ್ದ ನೀರನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಹಾಡು ನಿಲ್ಲಿಸುವಂತೆ ಕೈಯೆತ್ತಿ, ಮೈಕನ್ನು ಬಾಯಿಗೆ ತಂದ.

11 ಗಂಟೆ 43 ನಿಮಿಷ. 7.04 ಮಿಲಿಮೀಟರ್.